ಮೂಸಿಗೆ ಬರೀ ದೀಪಾಲಂಕಾರ ಸಾಕೇ?

ಊರಿಂದ ಯಾರೇ ಹೈದರಾಬಾದಿಗೆ ಬರಲಿ, ಚಾರ್‌ಮಿನಾರ್ ಆದಮೇಲೆ ಉಸ್ಮಾನಿಯಾ ಆಸ್ಪತ್ರೆ ಆವರಣದ ಹುಣಸೆಮರ ತೋರಿಸುತ್ತೇನೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿದಾಗ ಸುಮಾರು 150 ಜನ ಅದನ್ನು ಹತ್ತಿ ಬದುಕಿದರು. ಆಮೇಲೆ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಂತೆ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಎದ್ದವು. ನಾವು ಕನ್ನಡಿಗರು ಎದೆಯುಬ್ಬಿಸಿ ಹೇಳೋದು ಇಷ್ಟೇ. ಅವರು ಕೆರೆಗಳ ಲೆಕ್ಕವನ್ನೂ ಹಿಡಿದಿದ್ದರು: ಮೂಸಿಗೆ ನೀರು ಬರುವ ಪ್ರದೇಶದಲ್ಲಿ 788 ಕೆರೆ, ಆ ಮಳೆಗೆ ಒಡೆದದ್ದು 221.

ಈಗ ಆ ಲೆಕ್ಕ ಯಾರಿಗೆ ಬೇಕು? ಮಾಸಬ್ ಟ್ಯಾಂಕ್‌ನಲ್ಲಿ ಕೆರೆ ಹೆಸರಿಗಷ್ಟೇ. ಅನ್ನುವ ನಾನೇನು ಸಾಚಾ? ಎಷ್ಟು ಗೃಹಸಾಲದ ಕಡತಗಳಿಗೆ ಸಹಿ ಹಾಕಿದೆನೋ. ಕ್ರಯಪತ್ರ ನೋಡಿದೆ, ನೀರು ಹರಿಯುವ ದಾರಿ ಎಲ್ಲಿ ಅಂತ ಕೇಳಲಿಲ್ಲ. 2020ರ ಅಕ್ಟೋಬರಿನಲ್ಲಿ ಗುರ್ರಂ ಚೆರುವಿನ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಮೂಸಿ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೇ ಬಂತು.

ನದಿತೀರ ಚೆಂದ ಮಾಡುವ ಯೋಜನೆಗೆ ನನ್ನ ತಕರಾರಿಲ್ಲ. 1578ರ ಪುರಾನಾ ಪುಲ್‌ಗೆ ದೀಪ ಹಾಕಲಿ ಬಿಡಿ. ಅದಕ್ಕೂ ಮುಂಚೆ, ಉಳಿದಿರುವ ಕೆರೆಗಳಿಗೂ ಅವುಗಳ ಕೋಡಿ ಕಾಲುವೆಗಳಿಗೂ ಗಡಿಕಲ್ಲು ನೆಡಲಿ.