ಸೊಕ್ಕು, ಧಿಮಾಕು, ಬಿಲ್ಡಪ್ಪು

ನಾಳೆ ಗಣಿತ ಪರೀಕ್ಷೆ. ಮನೆಯ ಹುಡುಗ ಪುಸ್ತಕ ಮುಚ್ಚಿಟ್ಟು, ‘ನಂಗೆಲ್ಲಾ ಬರುತ್ತೆ, ನೂರಕ್ಕೆ ನೂರು ಗ್ಯಾರಂಟಿ’ ಎಂದು ಆಟಕ್ಕೆ ಹೊರಟ ಎನ್ನಿ. ಅಜ್ಜಿ ‘ಸೊಕ್ಕು ನೋಡು ಇವನಿಗೆ’ ಎನ್ನುತ್ತಾರೆ. ಅಜ್ಜ ‘ಏನು ಧಿಮಾಕೋ!’ ಎನ್ನುತ್ತಾರೆ. ಅಕ್ಕ ‘ಸಾಕು ಕಣೋ ನಿನ್ನ ಬಿಲ್ಡಪ್ಪು’ ಎಂದು ನಗುತ್ತಾಳೆ. ಮೂವರೂ ಹೇಳಿದ್ದು ಒಂದೇ: ತನ್ನ ಮೇಲೆ ಇವನಿಗೆ ಅತಿ ನಂಬಿಕೆ. ಆದರೆ ಮೂರು ಪದಗಳೂ ಹುಟ್ಟಿದ ಊರು ಬೇರೆ ಬೇರೆ.

ಸೊಕ್ಕು ನಮ್ಮದೇ ಪದ. ಹಳಗನ್ನಡದಲ್ಲಿ ಅದು ‘ಸೊರ್ಕು’. ಅರ್ಥ ಅಮಲು, ಮದ. ಮದವೇರಿದ ಆನೆ ‘ಸೊರ್ಕಾನೆ’. ಮಲೆನಾಡು, ಕರಾವಳಿಯ ಅಜ್ಜಿಯರಿಗೆ ಈ ಅರ್ಥ ಇನ್ನೂ ಗೊತ್ತು. ಎಲೆಯಡಿಕೆ ಹಾಕಿಕೊಂಡಾಗ ತಲೆ ಸುತ್ತಿ ಬೆವರು ಬಂದರೆ ‘ಅಡಿಕೆ ಸೊಕ್ಕಿತು’ ಎನ್ನುತ್ತಾರೆ. ತಲೆ ತಿರುಗಿದವನಿಗೆ ಎದುರಿನ ದಾರಿ ಸರಿಯಾಗಿ ಕಾಣುವುದಿಲ್ಲ. ಗರ್ವ ಬಂದವನ ಪಾಡೂ ಅದೇ ತಾನೆ?

ಧಿಮಾಕು ದೂರದಿಂದ ಬಂದದ್ದು. ಅರಬ್ಬಿಯಿಂದ ಪಾರಸಿ, ಉರ್ದುಗಳ ದಾರಿ ಹಿಡಿದು ಬಂದ ‘ದಿಮಾಗ್’ ಇದರ ಮೂಲ. ದಿಮಾಗ್ ಎಂದರೆ ಮಿದುಳು, ಬುದ್ಧಿ. ಉರ್ದುವಿನಲ್ಲಿ ಅದಕ್ಕೆ ಗರ್ವ ಎಂಬ ಛಾಯೆಯೂ ಇದೆ. ಕನ್ನಡಕ್ಕೆ ಬರುವಾಗ ಬುದ್ಧಿ ಅಲ್ಲೇ ಉಳಿಯಿತು, ಗರ್ವ ಮಾತ್ರ ಇಲ್ಲಿಗೆ ಬಂತು!

ಬಿಲ್ಡಪ್ ಇಂಗ್ಲಿಷಿನದು. ಅಲ್ಲಿ ಅದಕ್ಕೆ ಕಟ್ಟಿ ಮೇಲೆತ್ತುವುದು ಎಂಬ ಅರ್ಥ. ಸಿನಿಮಾದಲ್ಲಿ ನಾಯಕನ ಮುಖ ಕಾಣುವ ಮೊದಲು ಬೂಟು, ಕೈ, ಧೂಳು, ದೊಡ್ಡ ಸಂಗೀತ ಎಲ್ಲ ಬರುತ್ತದಲ್ಲ, ಅದೇ ಬಿಲ್ಡಪ್. ಒಳಗೆ ಅಷ್ಟೇನೂ ಇಲ್ಲದೆ ಹೊರಗೆ ಸದ್ದು ಮಾಡುವವರಿಗೂ ಮಕ್ಕಳು ಇದನ್ನೇ ಅಂಟಿಸಿದ್ದಾರೆ.

ಇನ್ನು ‘ಪೊಗರು’. ಹಳಗನ್ನಡದ ‘ಪೊಗರ್’ ಎಂದರೆ ಹೊಳಪು, ಕಾಂತಿ. ಆಮೇಲೆ ಅದು ಅಹಂಕಾರಕ್ಕೆ ಇಳಿಯಿತು. 2021ರಲ್ಲಿ ಒಂದು ಸಿನಿಮಾಕ್ಕೇ ‘ಪೊಗರು’ ಎಂಬ ಹೆಸರು ಬಂತು. ಈಗ ಹುಡುಗರು ‘ಅವನ ಪೊಗರು ನೋಡೋ’ ಎಂದರೆ ಅದು ಮೆಚ್ಚುಗೆಯೂ ಇರಬಹುದು. ಕೇಳಿದ ಅಜ್ಜನಿಗೆ ಮಾತ್ರ ಅದು ಬೈಗುಳ. ಹೀಗಾಗಿ ಪದ ಕೇಳಿದ ಕೂಡಲೇ ಸಿಟ್ಟಾಗುವ ಮುನ್ನ ‘ಯಾವ ಅರ್ಥದಲ್ಲಿ ಅಂದೆ ಮಗು?’ ಎಂದು ಕೇಳುವುದು ಒಳ್ಳೆಯದು.

ಇನ್ನೊಂದು ಮಾತು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಿಮಗೆ ಗೊತ್ತು. ವಿರಾಟನ ಮಗ ಉತ್ತರಕುಮಾರ ಅಂತಃಪುರದಲ್ಲಿ ಜಂಬ ಕೊಚ್ಚಿದ. ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಹಿಡಿದು ತಂದ. ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿ ನಗುತ್ತೇವೆ. ಆದರೆ ಉತ್ತರ ಮರಳಿ ರಥ ಏರಿದ; ಅರ್ಜುನನಿಗೆ ಸಾರಥಿಯಾಗಿ ಅದೇ ಸೇನೆಯ ಎದುರು ನಿಂತ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಹೋರಾಡಿ ಮಡಿದ. ಅವನು ಬದಲಾದ, ಗಾದೆ ಬದಲಾಗಲಿಲ್ಲ.

ಅಜ್ಜ ಅಜ್ಜಿಯರೇ, ಅದಕ್ಕೇ ಇಂಥ ಪದಗಳನ್ನು ಸ್ವಲ್ಪ ನೋಡಿ ಬಳಸೋಣ. ‘ಲೆಕ್ಕ ತಪ್ಪಿದೆ’ ಎಂದು ಧೈರ್ಯವಾಗಿ ಹೇಳಿದ ಹುಡುಗಿಗೂ ‘ಎಷ್ಟು ಧಿಮಾಕು!’ ಎಂದುಬಿಡುವವರಿದ್ದಾರೆ. ಅವಳ ಲೆಕ್ಕ ಸರಿಯಿದ್ದರೆ ಅದು ಧಿಮಾಕಲ್ಲ, ದಿಮಾಗ್! ಮಕ್ಕಳೇ, ನಿಮಗೂ ಒಂದು ಅಳತೆಗೋಲು: ‘ನನಗೆ ಬರುತ್ತೆ’ ಎನ್ನುವವನು ಒಂದು ಲೆಕ್ಕ ಮಾಡಿ ತೋರಿಸಲಿ. ಮಾಡಿದರೆ ಆತ್ಮವಿಶ್ವಾಸ, ಮಾಡದಿದ್ದರೆ ಬಿಲ್ಡಪ್ಪು.

ಈ ವಾರದ ಕೆಲಸ: ಜಂಬ, ಬಡಾಯಿ, ಕೊಬ್ಬು, ದೌಲತ್ತು. ಈ ನಾಲ್ಕರಲ್ಲಿ ಅಡುಗೆಮನೆಯಲ್ಲೂ ಸಿಗುವ ಪದ ಯಾವುದು? ಸಂಪತ್ತು ಎಂಬ ಅರ್ಥದ್ದು ಯಾವುದು? ಅಜ್ಜ ಅಜ್ಜಿಯನ್ನು ಕೇಳಿ. ಅವರು ಚಿಕ್ಕವರಿದ್ದಾಗ ಯಾರಿಗೆ ಏನೆಂದು ಬೈಸಿಕೊಂಡಿದ್ದರು ಎಂದೂ ಕೇಳಲು ಮರೆಯಬೇಡಿ.