ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು

ವಿದ್ವತ್ ಸಮ್ಮೇಳನಗಳ ವರದಿ ಪತ್ರಿಕೆಗಳಲ್ಲಿ ಉದ್ಘಾಟನೆಯ ದೀಪದಿಂದ ಆರಂಭವಾಗುತ್ತದೆ. ಆ ದೀಪ ಬೆಳಗುವ ಹೊತ್ತಿಗೆ ಸಮ್ಮೇಳನದ ಹಣೆಬರಹ ಬರೆದು ಮುಗಿದಿರುತ್ತದೆ. ಯಾವ ತಿಂಗಳು, ಯಾವ ಸಭಾಂಗಣ, ಎಷ್ಟು ಗೋಷ್ಠಿ, ಯಾರಿಗೆ ನಲವತ್ತು ನಿಮಿಷ, ಯಾರಿಗೆ ಹತ್ತು ನಿಮಿಷ, ಯಾರಿಗೆ ಬರಿಯ ಶಾಲು: ಇವೆಲ್ಲ ತಿಂಗಳುಗಳ ಹಿಂದೆಯೇ ಬೆರಳೆಣಿಕೆಯ ಮಂದಿ ಸೇರಿದ ಪೂರ್ವಭಾವಿ ಸಭೆಯಲ್ಲಿ ನಿಶ್ಚಯವಾದ ಸಂಗತಿಗಳು. ಘಟ್ಟದ ಕುರಿತು, ನದಿಯ ಕುರಿತು ಸಮ್ಮೇಳನ ನಡೆಯುವುದಾದರೆ ತಪ್ಪಲಿನವರಿಗೂ ನದಿ ದಂಡೆಯವರಿಗೂ ಸಲ್ಲಬೇಕಾದ ಸ್ಥಾನವಿರುವುದು ಆ ಸಭೆಯಲ್ಲಿ. ವೇದಿಕೆಯ ಎದುರಿನ ಕುರ್ಚಿ ಅದಕ್ಕೆ ಬದಲಿಯಾಗಲಾರದು.

ಮೂಡುಬಿದಿರೆಗೆ ಇಂಥ ಕೂಟಗಳು ಹೊಸತಲ್ಲ. 2003ರಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ನಡೆದದ್ದು ಇದೇ ಊರಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ಸಂಶೋಧನಾ ತಂಡ 1998ರಿಂದ ಎರಡು ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದ 'ಲೇಕ್' ಸಮ್ಮೇಳನವೂ 2016ರ ಡಿಸೆಂಬರಿನಲ್ಲಿ ಮತ್ತು 2018ರ ನವೆಂಬರಿನಲ್ಲಿ ಇಲ್ಲಿನ ಆಳ್ವಾಸ್ ವಿದ್ಯಾಸಂಸ್ಥೆಯ ಆವರಣದಲ್ಲಿ ಜರುಗಿತು. ಮೊದಲನೆಯದರ ವಿಷಯ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳು. ಎರಡನೆಯದರದ್ದು ನದಿ ಪರಿಸರದ ರಕ್ಷಣೆ. ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂದು ಹೇಳಿಕೊಳ್ಳುವ ಊರಿಗೆ ಕೆರೆಯ ಹೆಸರಿನ ಸಮ್ಮೇಳನ ಒಪ್ಪುವಂಥದ್ದೇ. ಶಾಲಾ ಮಕ್ಕಳೂ ತಮ್ಮ ಊರಿನ ನೀರಿನ ಬಗ್ಗೆ ಪ್ರಬಂಧ ಮಂಡಿಸಲು ಅವಕಾಶ ಕೊಟ್ಟದ್ದು ಈ ಸಮ್ಮೇಳನದ ದೊಡ್ಡ ಗುಣ. ಆ ಬಾಗಿಲು ಮಕ್ಕಳಿಗೆ ತೆರೆಯಬಹುದಾದರೆ ಅವರ ಅಜ್ಜಂದಿರಿಗೂ ತೆರೆಯಬಹುದು ಎಂಬುದಷ್ಟೇ ಇಲ್ಲಿನ ವಾದ. ಇದು ಒಂದು ಸಮ್ಮೇಳನದ ಮೇಲಿನ ಆಕ್ಷೇಪವಲ್ಲ. ನಾಡಿನ ಬಹುಪಾಲು ವಿಚಾರ ಸಂಕಿರಣಗಳಿಗೆ ಅಂಟಿದ ರೂಢಿಯ ಮಾತು.

ತಿಂಗಳಿನ ಪ್ರಶ್ನೆಯನ್ನೇ ಮೊದಲು ನೋಡಬೇಕು. ನವೆಂಬರ್, ಡಿಸೆಂಬರ್ ಎಂದರೆ ಸಭಾಂಗಣ ತಂಪು, ಪ್ರಯಾಣ ಹಿತ, ಕಾಲೇಜಿಗೆ ಪರೀಕ್ಷೆಯ ಗಡಿಬಿಡಿ ಇಲ್ಲ. ಹೊಳೆಯೂ ಆಗ ಲಕ್ಷಣವಾಗಿ ಹರಿಯುತ್ತಿರುತ್ತದೆ. ಹೊರಗಿನಿಂದ ಬಂದ ಪ್ರತಿನಿಧಿ ಪಾಣೆಮಂಗಳೂರಿನ ಸೇತುವೆಯ ಮೇಲೆ ನಿಂತು ನೋಡಿದರೆ ನೇತ್ರಾವತಿಗೆ ಏನೂ ಆಗಿಲ್ಲವೆಂದು ತೋರುವ ಕಾಲ ಅದು. ಅದೇ ತಿಂಗಳುಗಳಲ್ಲಿ ಬಂಟ್ವಾಳ, ಬೆಳ್ತಂಗಡಿಯ ಕೃಷಿಕರು ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ಕಟ್ಟ ಕಟ್ಟುತ್ತಿರುತ್ತಾರೆ. ಹರಿವು ಇಳಿಯುತ್ತ ಬರುವಾಗ ವಾರ ತಡವಾದರೂ ಬೇಸಿಗೆಯ ನೀರು ಕೈತಪ್ಪಿತೆಂದೇ ಲೆಕ್ಕ. ಅಡಿಕೆ ಕೊಯ್ಲೂ ಆಗಲೇ. ಅಂದರೆ ನದಿಯ ಬಗ್ಗೆ ಹೆಚ್ಚು ತಿಳಿದವರಿಗೆ ಬಿಡುವೇ ಇಲ್ಲದ ದಿನಗಳಲ್ಲಿ ನದಿಯ ಗೋಷ್ಠಿ ಏರ್ಪಡುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪೂರ್ವಭಾವಿ ಸಭೆಯಲ್ಲಿ ಕಟ್ಟ ಕಟ್ಟುವವರೊಬ್ಬರು ಕುಳಿತಿರಲಿಲ್ಲ, ಅಷ್ಟೆ.

2019ನೆಯ ಇಸವಿ ಈ ಮಾತಿಗೆ ಸಾಕ್ಷಿ. ಆ ವರ್ಷ ಮೇ ತಿಂಗಳಲ್ಲಿ ನೇತ್ರಾವತಿ ಎಷ್ಟು ಬತ್ತಿತೆಂದರೆ, ಯಾತ್ರಾರ್ಥಿಗಳು ತಮ್ಮ ಪ್ರವಾಸವನ್ನು ಮುಂದೂಡಬೇಕೆಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಸಾರ್ವಜನಿಕವಾಗಿ ವಿನಂತಿಸಬೇಕಾಯಿತು. ಕೆಳಗೆ ತುಂಬೆಯ ಅಣೆಕಟ್ಟಿನ ನೀರನ್ನೇ ನಂಬಿದ ಮಂಗಳೂರು ನಗರ ಸರದಿಯಲ್ಲಿ ನೀರು ಹಂಚಿಕೊಂಡಿತು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟಿನಲ್ಲಿ, ಚಾರ್ಮಾಡಿಯ ಗುಡ್ಡಗಳು ಕುಸಿದು, ಮೃತ್ಯುಂಜಯ ಹೊಳೆ ಮರದ ದಿಮ್ಮಿಗಳನ್ನೂ ಕೆಸರನ್ನೂ ಹೊತ್ತು ಬೆಳ್ತಂಗಡಿಯ ತೋಟಗಳಿಗೆ ನುಗ್ಗಿತು. ಘಾಟಿ ರಸ್ತೆ ಮುಚ್ಚಿತು. ಬಂಟ್ವಾಳದ ಹಿರಿಯರು 1974ರ ನೆರೆಯನ್ನು ನೆನೆದರು. ತಮ್ಮ ಹಿರಿಯರಿಂದ ಕೇಳಿದ 1923ರ ಮಾರಿಬೊಳ್ಳದ ಕಥೆಯೂ ಮರಳಿ ಬಂತು. ಒಂದೇ ನದಿ ಮೇಯಲ್ಲಿ ಒಂದು, ಆಗಸ್ಟಿನಲ್ಲಿ ಇನ್ನೊಂದು. ಡಿಸೆಂಬರಿನ ಗೋಷ್ಠಿಗೆ ಇವೆರಡೂ ತೆರೆಯ ಮೇಲಿನ ಚಿತ್ರಗಳಾಗಿ ಮಾತ್ರ ಬರಬಲ್ಲವು.

ಬೇಸಿಗೆಯಲ್ಲಿ ಸಮ್ಮೇಳನ ನಡೆಸುವುದು ಸುಲಭವಲ್ಲ ಎಂಬುದನ್ನು ಒಪ್ಪಬೇಕು. ವಿದ್ಯಾರ್ಥಿನಿಲಯಗಳು ತೆರವಾಗುವ ದಿನ, ಪರೀಕ್ಷೆ, ಮೌಲ್ಯಮಾಪನ, ಅನುದಾನ ಬರುವ ಸಮಯ, ಎಲ್ಲವೂ ಸಂಘಟಕರ ಕೈ ಕಟ್ಟುತ್ತವೆ. ಇನ್ನೊಂದು ಬಂಧನವೂ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕ ಗೊತ್ತುಪಡಿಸಿ, ಸಂಕಿರಣದಲ್ಲಿ ಪ್ರಬಂಧ ಓದಿದ್ದಕ್ಕೂ ಅಂಕ ಕೊಟ್ಟಿತು. ಆಮೇಲೆ ನಿಯಮ ಬದಲಾದರೂ ಅದು ಬೆಳೆಸಿದ ಅಭ್ಯಾಸ ಉಳಿಯಿತು. ಪ್ರಬಂಧಗಳ ಸಂಖ್ಯೆ ಏರಿತು, ಒಬ್ಬೊಬ್ಬರ ಸಮಯ ಇಳಿಯಿತು, ಚರ್ಚೆ 'ಸಮಯದ ಅಭಾವದಿಂದ' ಎಂಬ ಎರಡು ಪದಗಳಲ್ಲಿ ಕರಗಿತು. ಊಟದ ಗಂಟೆ ಮಾತ್ರ ಎಂದೂ ತಪ್ಪಿದ್ದಿಲ್ಲ. ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಓದಿ ಮುಗಿಸುವುದು ಅಧ್ಯಾಪಕರಿಗೆ ಸಾಧ್ಯ. ತುಳುವಿನಲ್ಲಿ ಯೋಚಿಸುವ ರೈತನಿಗೆ ಹತ್ತು ನಿಮಿಷ ಮಾತಿಗೆ ಪೀಠಿಕೆ ಹಾಕುವುದಕ್ಕೇ ಬೇಕು.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಉದಾಹರಣೆಯನ್ನು ಇಲ್ಲಿ ನೆನೆಯಬೇಕು. ಕೂಲಿ ಮಾಡಿ ಬದುಕಿದ ಅವರು ಬೋಳು ಗುಡ್ಡದ ಮೈಯಲ್ಲಿ ಒಬ್ಬರೇ ಸುರಂಗ ತೋಡಿದರು. ಒಂದರ ಹಿಂದೊಂದು ಸುರಂಗ ವ್ಯರ್ಥವಾದರೂ ಬಿಡದೆ ತೋಡಿ ಕೊನೆಗೆ ನೀರು ಕಂಡರು. ಆ ನೀರಿನಿಂದ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥವರನ್ನು ಸಮ್ಮೇಳನಕ್ಕೆ ಕರೆಯುವುದೇ ಇಲ್ಲ ಎನ್ನುವಂತಿಲ್ಲ. ಸಾಮಾನ್ಯವಾಗಿ ಕರೆಯುವುದು ಸಮಾರೋಪಕ್ಕೆ, ಹಾರ ಶಾಲು ಫಲಕಗಳಿಗೆ. ಗುಡ್ಡದ ಯಾವ ಮಗ್ಗುಲಿನಲ್ಲಿ ತೋಡಬೇಕು, ಯಾವ ಮಣ್ಣು ಕುಸಿಯುತ್ತದೆ, ವಿಫಲವಾದ ಸುರಂಗಗಳು ಏನನ್ನು ಕಲಿಸಿದವು ಎಂಬುದನ್ನು ಅಂಥವರಿಂದ ಒಂದು ಗಂಟೆ ಕುಳಿತು ಕೇಳಿ, ಭೂವಿಜ್ಞಾನಿಯೊಬ್ಬರು ಎದುರು ಪ್ರಶ್ನೆ ಹಾಕುವ ಗೋಷ್ಠಿಯನ್ನು ಆಮಂತ್ರಣ ಪತ್ರಿಕೆಯಲ್ಲಿ ಕಾಣುವುದು ಅಪರೂಪ. ಸನ್ಮಾನ ಮಾಡಿದವರನ್ನು ಮತ್ತೆ ಪ್ರಶ್ನಿಸುವ ಅಗತ್ಯ ಯಾರಿಗೂ ತೋರುವುದಿಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಎತ್ತಿನಹೊಳೆ ಯೋಜನೆಯ ಇತಿಹಾಸವೇ ಅದನ್ನು ತೋರಿಸುತ್ತದೆ. ಸರ್ಕಾರದ ಯೋಜನಾ ವರದಿ 24.01 ಟಿ.ಎಂ.ಸಿ. ನೀರು ಒಯ್ಯಬಹುದೆಂದಿತು. ಮೇಲೆ ಹೇಳಿದ ರಾಮಚಂದ್ರ ಅವರ ತಂಡವೇ 2015ರಲ್ಲಿ ಅಧ್ಯಯನ ಮಾಡಿ, ಆ ಹಳ್ಳಗಳ ವಾರ್ಷಿಕ ಇಳುವರಿಯೇ 9.55 ಟಿ.ಎಂ.ಸಿ. ಎಂದು ಲೆಕ್ಕ ಕೊಟ್ಟಿತು. ಇದಕ್ಕಿಂತ ನೇರವಾದ, ಊರಿಗೆ ಬೇಕಾದ ವಿದ್ವತ್ತು ಇನ್ನಾವುದು? ಆದರೂ 2014ರಲ್ಲಿ ಶಂಕುಸ್ಥಾಪನೆಯಾದ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯನ್ನೂ ಕಂಡಿತು. 8,323 ಕೋಟಿ ರೂಪಾಯಿ ಎಂದು ಹೊರಟ ಅಂದಾಜು 23,000 ಕೋಟಿಯನ್ನು ದಾಟಿತು. ಎತ್ತಿನಹೊಳೆಯ ನೀರು ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಬಂಟ್ವಾಳಕ್ಕೆ ಬರುವಂಥದ್ದು. ಹಾಗಿದ್ದರೂ 9.55 ಎಂಬ ಆ ಒಂದು ಅಂಕಿ ನದಿ ದಂಡೆಯ ಎಷ್ಟು ಮನೆಗಳ ಬಾಯಲ್ಲಿದೆ? ಲೆಕ್ಕ ಹಾಕಿದವರ ತಪ್ಪು ಇದರಲ್ಲಿಲ್ಲ. ಲೆಕ್ಕವನ್ನು ಊರಿಗೆ ಇಳಿಸುವ ಗೋಷ್ಠಿ ಯಾರ ಕಾರ್ಯಕ್ರಮ ಪಟ್ಟಿಯಲ್ಲೂ ಇರಲಿಲ್ಲ.

ಕಸ್ತೂರಿರಂಗನ್ ವರದಿಯ ವಿಚಾರದಲ್ಲಿ ಇದರ ಮಗ್ಗುಲು ಬದಲಾಯಿತು. 2011ರ ಗಾಡ್ಗೀಳ್ ಸಮಿತಿಯ ವರದಿ ಗ್ರಾಮಸಭೆಗಳ ಅಭಿಪ್ರಾಯಕ್ಕೆ ಮಹತ್ವ ಕೊಟ್ಟಿತ್ತು. ಆದರೆ ಆ ವರದಿ ಬಂದದ್ದು ಇಂಗ್ಲಿಷಿನಲ್ಲಿ. 2014ರಿಂದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಟು, ಆರನೆಯದು 2024ರ ಜುಲೈನಲ್ಲಿ ಬಂತು. ಪಟ್ಟಿಯಲ್ಲಿ ಹೆಸರಿರುವ ಬೆಳ್ತಂಗಡಿಯ ಹಳ್ಳಿಗಳಿಗೆ ಈ ವರದಿಗಳ ಸಾರ ತಲುಪಿದ್ದು ಹೆಚ್ಚಾಗಿ ಚುನಾವಣಾ ವೇದಿಕೆಗಳಿಂದ, ಮನೆ ಬಿಡಿಸುತ್ತಾರೆ, ತೋಟಕ್ಕೆ ಕೈ ಹಾಕಲು ಬಿಡುವುದಿಲ್ಲ ಎಂಬ ಭಯದ ರೂಪದಲ್ಲಿ. ಪಂಡಿತರು ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ.

ಸಮ್ಮೇಳನದ ಕೊನೆಯ ದಿನದ ಕ್ಷೇತ್ರ ಭೇಟಿ ಈ ಕೊರತೆಯನ್ನು ತುಂಬುತ್ತದೆಂದು ಸಂಘಟಕರು ಹೇಳುವುದುಂಟು. ಸಾವಿರ ಕಂಬದ ಬಸದಿ, ಒಂದು ಜಲಪಾತ, ಒಂದು ಮಾದರಿ ತೋಟ, ಸಂಜೆಗೆ ವಾಪಸು. ಅದು ಪ್ರವಾಸ, ಅದಕ್ಕೂ ಒಂದು ಬೆಲೆಯಿದೆ, ಆದರೆ ಅದನ್ನು ಅಧ್ಯಯನವೆಂದು ಕರೆಯದಿದ್ದರೆ ಒಳ್ಳೆಯದು.

ದೊಡ್ಡ ಬದಲಾವಣೆಯೇನೂ ಬೇಕಾಗಿಲ್ಲ. ಮುಖ್ಯ ಸಮ್ಮೇಳನ ಡಿಸೆಂಬರಿನಲ್ಲೇ ನಡೆಯಲಿ. ಅದರ ಪೂರ್ವಭಾವಿ ಸಭೆ ಮಾತ್ರ ಅದಕ್ಕೂ ಹಿಂದಿನ ಬೇಸಿಗೆಯಲ್ಲಿ, ಪ್ರಬಂಧಗಳಿಗೆ ಕರೆ ಹೊರಡುವ ಮೊದಲು, ಎರಡು ಕಡೆ ನಡೆಯಲಿ: ಒಂದು ಚಾರ್ಮಾಡಿಯ ತಪ್ಪಲಿನ ಶಾಲೆಯೊಂದರಲ್ಲಿ, ಇನ್ನೊಂದು ತುಂಬೆಯ ಹಿನ್ನೀರಿನಿಂದ ಜಮೀನು ಮುಳುಗಿದ ಕೃಷಿಕರ ನಡುವೆ. ಮಾತು ತುಳುವಿನಲ್ಲಿ, ಕನ್ನಡದಲ್ಲಿ ಆಗಲಿ. ಬರೆದುಕೊಳ್ಳುವ ಕೆಲಸ ಪಂಡಿತರದಾಗಲಿ. ಆ ಎರಡು ಸಭೆಗಳಲ್ಲಿ ಎದ್ದ ಪ್ರಶ್ನೆಗಳೇ ಡಿಸೆಂಬರಿನ ಗೋಷ್ಠಿಗಳ ಶೀರ್ಷಿಕೆಗಳಾಗಲಿ. ಮುಂದಿನ ಬೇಸಿಗೆಯಲ್ಲಿ ಉತ್ತರಗಳನ್ನು ಅದೇ ಶಾಲೆಗೆ ಕನ್ನಡದಲ್ಲಿ ತಂದು ಓದಲಿ. ಮೂಡುಬಿದಿರೆಯಿಂದ ಚಾರ್ಮಾಡಿಗೂ ತುಂಬೆಗೂ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಹೋಗಿ ಬರಬಹುದು.

ಖರ್ಚಿನ ಪ್ರಶ್ನೆ ಬರುತ್ತದೆ. ಸ್ಮರಣಿಕೆ, ಚೀಲ, ಫ್ಲೆಕ್ಸುಗಳಿಗೆ ಆಯವ್ಯಯದಲ್ಲಿ ಸಾಲುಗಳಿವೆ. ಕೆಲಸ ಬಿಟ್ಟು ಸಭೆಗೆ ಬಂದವರ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಎಂಬ ಸಾಲನ್ನೂ ಅವುಗಳ ಕೆಳಗೆ ಬರೆಯಬಹುದು.