ಗಜನಿ ಭೂಮಿಯ ಭತ್ತದ ಬೇರು

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಲೋಕೋಕ್ತಿ. ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಕಾಳಿ, ಗಂಗಾವಳಿ ನದಿಗಳ ಅಳಿವೆಗಳಿಗೆ ಹೊಂದಿಕೊಂಡಿರುವ ಗಜನಿ ಭೂಮಿಗಳಿಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ಬೇಸಗೆಯಲ್ಲಿ ಉಪ್ಪುಂಡ ಈ ನೆಲವನ್ನು ಮಳೆಯ ಸಿಹಿನೀರು ತೊಳೆಯದಿದ್ದಲ್ಲಿ ಭತ್ತವು ಬೇರೂರಲಾರದು.

ಪೈರು ಕುಂದಿದೊಡನೆ ಗೊಬ್ಬರ ಸಾಲದೆಂದೋ ಬೀಜ ಕೆಟ್ಟದ್ದೆಂದೋ ದೂರುವುದು ವಾಡಿಕೆ. ಸಸಿಯೊಂದನ್ನು ಕಿತ್ತು ಬೇರನ್ನು ತೊಳೆದು ನೋಡುವವರು ವಿರಳ. ಆರೋಗ್ಯವುಳ್ಳ ಸಸಿಯಲ್ಲಿ ಹೊಸ ಬೇರುಗಳು ಬೆಳ್ಳಗೆ ನೀಳವಾಗಿರುತ್ತವೆ. ಉಪ್ಪಿಗೆ ಸಿಕ್ಕಿದ ಸಸಿಯಲ್ಲಿ ಅವು ಮೊಟಕಾಗಿ ವಿರಳವಾಗುತ್ತವೆ. ಮಣ್ಣಿನಲ್ಲಿ ಲವಣವು ಹೆಚ್ಚಿದಷ್ಟೂ ಬೇರಿಗೆ ನೀರು ಹೀರುವುದು ಕಠಿಣವಾಗುವುದರಿಂದ, ಗದ್ದೆಯಲ್ಲಿ ನೀರು ನಿಂತಿದ್ದರೂ ಪೈರು ಬಾಯಾರಿ ಎಲೆಯ ತುದಿ ಒಣಗುವುದು. ಎಳೆಯ ಸಸಿಯಾಗಿರುವಾಗಲೂ ಹೂ ಬಿಡುವಾಗಲೂ ಭತ್ತವು ಉಪ್ಪನ್ನು ಹೆಚ್ಚು ತಾಳಲಾರದು. ರಾಸಾಯನಿಕ ಗೊಬ್ಬರಗಳಲ್ಲಿ ಹೆಚ್ಚಿನವು ಲವಣಗಳೇ ಆದಕಾರಣ ಅಂಥ ಬೇರಿಗೆ ಅವನ್ನು ಸುರಿಯುವುದು ಗಾಯದ ಮೇಲೆ ಉಪ್ಪೆರಚಿದಂತೆಯೇ ಸರಿ.

ನೆರೆಯ ಕುಮಟಾ ತಾಲೂಕಿನ ಅಘನಾಶಿನಿ ತೀರದಲ್ಲಿ ಬೆಳೆಯುವ ಕಗ್ಗ ಭತ್ತವು ಉಪ್ಪನ್ನೂ ನೆರೆಯನ್ನೂ ಸಹಿಸಬಲ್ಲದು. ಆದರೆ ಕಗ್ಗವೆಂದು ನಂಬಿ ನೆಲವನ್ನು ತೊಳೆಯದೆ ಬಿಡುವುದು ಜಾಣತನವಲ್ಲ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಮೊದಲ ಮಳೆಗಳ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಇಳಿತದ ಹೊತ್ತಿನಲ್ಲಿ ತೂಬು ತೆಗೆದು ಹೊರಬಿಟ್ಟು, ಉಬ್ಬರಕ್ಕೆ ಮುಂಚೆ ಮುಚ್ಚತಕ್ಕದ್ದು. ಹೀಗೆ ಹಲವು ಸಾರಿ ಮಾಡಿದರೆ ಉಪ್ಪು ನೀರಿನೊಡನೆ ಹೊರಗೆ ಹೋಗುವುದು.

ಈ ಕಾರ್ಯವು ಒಬ್ಬನಿಂದ ಆಗತಕ್ಕದ್ದಲ್ಲ. ಒಡ್ಡು ಒಂದೆಡೆ ಬಿರಿದರೆ ಬಯಲಿನ ಯಾವತ್ತೂ ಗದ್ದೆಗಳಿಗೆ ಉಪ್ಪುನೀರು ನುಗ್ಗುವುದು. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1948ರಲ್ಲಿ, ಖಾರ್ ಭೂಮಿಗಳಿಗೆಂದೇ ಪ್ರತ್ಯೇಕ ಕಾಯ್ದೆಯಾದುದು ಇಂಥ ಒಡ್ಡುಗಳ ರಕ್ಷಣೆ ಒಬ್ಬೊಬ್ಬರ ಇಚ್ಛೆಗೆ ಬಿಡತಕ್ಕದ್ದಲ್ಲವೆಂಬ ಕಾರಣದಿಂದಲೇ.

ಭತ್ತದ ಕೊಯಿಲಾದ ಬಳಿಕ ಉಪ್ಪುನೀರು ಬಿಟ್ಟು ಮೀನು ಸಿಗಡಿ ಹಿಡಿಯುವುದು ಹಿಂದಿನಿಂದ ಬಂದ ಪದ್ಧತಿ, ಅದು ತಪ್ಪಲ್ಲ. ಸಿಗಡಿಯ ಗುತ್ತಿಗೆಯ ಹಣಕ್ಕಾಗಿ ಮಳೆ ಹಿಡಿದ ಮೇಲೂ ತೂಬನ್ನು ತೆರೆದಿಡುವುದು ಮಾತ್ರ ನೆರೆಯವನ ಅನ್ನಕ್ಕೆ ಕಲ್ಲು ಹಾಕಿದಂತೆ. ಹೀಗೆ ಎರಡು ಮೂರು ವರ್ಷ ಬೀಳುಬಿದ್ದ ಗದ್ದೆಯನ್ನು ಮರಳಿ ಸಾಗುವಳಿಗೆ ತರುವುದು ಬಡ ರೈತನಿಗೆ ಬಹು ಕಷ್ಟ.

ಆದುದರಿಂದ ಊರ ಮುಖಂಡರೂ ಜಮೀನುದಾರರೂ ಮೇ ತಿಂಗಳ ಒಳಗಾಗಿ ಸಭೆ ಸೇರಿ, ಒಡ್ಡಿನ ದುರಸ್ತಿಯನ್ನು ಮುಗಿಸಿ, ತೂಬು ಮುಚ್ಚುವ ದಿನವನ್ನೂ ಅದನ್ನು ಕಾಯುವವನನ್ನೂ ಗೊತ್ತುಪಡಿಸುವುದು ಉಚಿತ. ಗುತ್ತಿಗೆಯ ಹಣದಲ್ಲಿ ಒಂದು ಪಾಲನ್ನು ಒಡ್ಡಿಗೆಂದು ತೆಗೆದಿಟ್ಟರೆ ಯಾರಿಗೂ ಭಾರವಾಗದು. ಒಡ್ಡು ಉಳಿದರೆ ಬೇರು ಉಳಿಯುವುದು. ಬೇರು ಉಳಿದರೆ ಊರಿನ ಕಣಜ ತುಂಬುವುದು.